ಡಿಸೆಂಬರ್ ರಜೆಗೆ ಕಾಶಿ–ಅಯೋಧ್ಯೆ–ದೆಹಲಿ–ಆಗ್ರಾ: ವಿಮಾನ, ರೈಲು, ಗಾಡಿ ಹೇಗೆ ಹೊಂದಿಸೋದು?

ಒಂಟಿಕೊಪ್ಪಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಆರು ಜನ ಹೊರಡುತ್ತಿದ್ದೇವೆ: ನಾವಿಬ್ಬರು, ಮಾವ (72), ಅತ್ತೆ (68, ಮಂಡಿನೋವು, ಮೆಟ್ಟಿಲು ಕಷ್ಟ), 9 ಮತ್ತು 4 ವರ್ಷದ ಮಕ್ಕಳು. ಡಿಸೆಂಬರ್ 24ಕ್ಕೆ ಹೊರಟು ಜನವರಿ 2ಕ್ಕೆ ವಾಪಸ್.

ಸದ್ಯದ ಯೋಜನೆ ಹೀಗಿದೆ. ಬೆಂಗಳೂರಿನಿಂದ ಬೆಳಗಿನ ವಿಮಾನ, 9 ಗಂಟೆಗೆ ದೆಹಲಿ ಟರ್ಮಿನಲ್ 1. ಅಲ್ಲಿಂದ 11.15ಕ್ಕೆ ಟರ್ಮಿನಲ್ 3ರಿಂದ ಇನ್ನೊಂದು ಕಂಪನಿಯ ವಿಮಾನದಲ್ಲಿ ಕಾಶಿಗೆ. ಎರಡೂ ಬೇರೆ ಬೇರೆ ಟಿಕೆಟ್, ಒಟ್ಟಿಗೆ ತೆಗೆದರೆ ದುಬಾರಿ ಆಗ್ತಿದೆ. ಕಾಶಿಯಲ್ಲಿ ಮೂರು ರಾತ್ರಿ, ಕಾರಿನಲ್ಲಿ ಪ್ರಯಾಗ, ಅಯೋಧ್ಯೆ ನೋಡಿಕೊಂಡು ಮತ್ತೆ ಕಾಶಿ. ಮಧ್ಯಾಹ್ನ 3ರ ವಂದೇ ಭಾರತ್ ಹಿಡಿದು ರಾತ್ರಿ 11ಕ್ಕೆ ದೆಹಲಿ. ಮರುದಿನ ಬೆಳಗ್ಗೆ 5ಕ್ಕೆ ಟ್ಯಾಕ್ಸಿಯಲ್ಲಿ ಆಗ್ರಾ. ಕೊನೆಗೆ ದೆಹಲಿಯಿಂದ ಬೆಳಗ್ಗೆ 7ರ ವಿಮಾನದಲ್ಲಿ ಬೆಂಗಳೂರು.

ದೆಹಲಿಯಲ್ಲಿ ಎರಡೂಕಾಲು ಗಂಟೆ ಸಾಕಾ? ಆರು ಜನಕ್ಕೆ ಎರ್ಟಿಗಾ ಆಗುತ್ತಾ? ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಫ್ಲೈಬಸ್ಸೋ ಟ್ಯಾಕ್ಸಿಯೋ? ಇನ್ನೂ ಯಾವ ಟಿಕೆಟ್ಟೂ ತೆಗೆದಿಲ್ಲ.

ಹಳಿಮೇಲೆ

ಟಿಕೆಟ್ ತೆಗೆದಿಲ್ಲ ಅಂದಿದ್ದು ಒಳ್ಳೆಯದಾಯಿತು ಮೇಡಂ. ಈ ಎರಡೂಕಾಲು ಗಂಟೆಯನ್ನು ಬಿಡಿಸಿ ನೋಡಿ. 9ಕ್ಕೆ ಇಳಿದರೆ ಬಾಗಿಲು ತೆರೆದು, ಹಿರಿಯರು ಇಳಿದು, ಬೆಲ್ಟ್ ಮೇಲೆ ಬ್ಯಾಗು ಬರುವಷ್ಟರಲ್ಲಿ 9.45. ಟರ್ಮಿನಲ್ 1 ಮತ್ತು 3 ಬೇರೆ ಬೇರೆ ಕಡೆ ಇವೆ, ನಡುವೆ ಏಳೆಂಟು ಕಿಲೋಮೀಟರ್ ರಸ್ತೆ. ಗಾಡಿ ಹಿಡಿದು ತಲುಪುವಷ್ಟರಲ್ಲಿ 10.20. ದೇಶದೊಳಗಿನ ವಿಮಾನಕ್ಕೆ ಬ್ಯಾಗು ಕೊಡುವ ಕೌಂಟರ್ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತೆ, ಅಂದರೆ 10.15ಕ್ಕೆ. ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೂ ನಿಮಗೆ ಆ ವಿಮಾನ ಸಿಗಲ್ಲ.

ಟಿಕೆಟ್ ಬೇರೆ ಬೇರೆ ಇದ್ದಾಗ ಮೊದಲ ಕಂಪನಿಯ ಜವಾಬ್ದಾರಿ ದೆಹಲಿಗೆ ಮುಗಿಯುತ್ತೆ. ಎರಡನೆಯವರು ನಿಮ್ಮನ್ನು 'ಬರಲಿಲ್ಲ' ಅಂತ ಬರೆದುಕೊಳ್ಳುತ್ತಾರೆ, ಆರೂ ಟಿಕೆಟ್ ಹೋಗುತ್ತೆ. ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆ) ಕಾಶಿಯವರೆಗೆ ಇದ್ದರೆ ಬ್ಯಾಗಿಗೆ ಬೆಂಗಳೂರಿನಲ್ಲೇ ಕಾಶಿಯ ಚೀಟಿ ಬೀಳುತ್ತೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವುದು ಅವರದೇ ಕೆಲಸ. ಒಂದೇ ಕಂಪನಿಯ ಎರಡು ಪಿಎನ್‌ಆರ್ ಇದ್ದರೆ ಈ ರಕ್ಷಣೆ ಇದೆ ಅಂತ ನಂಬಬೇಡಿ. ಎಲ್ಲಕ್ಕಿಂತ ಸುಲಭ, ಬೆಂಗಳೂರಿನಿಂದ ಕಾಶಿಗೆ ನೇರ ವಿಮಾನ. ಮಂಡಿನೋವಿನವರು, ಚಿಕ್ಕ ಮಕ್ಕಳು ಜೊತೆಗಿದ್ದಾಗ ಅದಕ್ಕೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಮಂಜು. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಗಂಗಾ ಬಯಲಿನಲ್ಲಿ ರಾತ್ರಿ ಗಾಳಿ ನಿಂತು, ನೆಲ ತಣ್ಣಗಾಗಿ ದಟ್ಟ ಮಂಜು ಕೂರುತ್ತೆ. ಬಿಸಿಲು ಏರಿ ಅದು ಕರಗಲು ಬೆಳಗ್ಗೆ 10 ದಾಟಬೇಕು, ಕೆಲವು ದಿನ ಮಧ್ಯಾಹ್ನವೂ ಆಗುತ್ತೆ. ದೆಹಲಿಯಲ್ಲಿ ಕ್ಯಾಟ್-3 ವ್ಯವಸ್ಥೆ ಇದೆ. ರನ್‌ವೇ 50 ಮೀಟರ್ ಕಂಡರೂ ವಿಮಾನ ಇಳಿಸಬಹುದು, ಆದರೆ ಆ ವಿಮಾನದಲ್ಲಿ ಉಪಕರಣವೂ ಪೈಲಟ್‌ಗೆ ತರಬೇತಿಯೂ ಇರಬೇಕು. ಮೇಲೇರಲು ಅದಕ್ಕಿಂತ ಹೆಚ್ಚು ದೂರ ಕಾಣಬೇಕು, ಹಾಗಾಗಿ ಬೆಳಗ್ಗೆ ಹೊರಡುವ ವಿಮಾನಗಳು ಸಾಲುಗಟ್ಟಿ ನಿಲ್ಲುತ್ತವೆ. ಕಾಶಿ, ಅಯೋಧ್ಯೆ, ಪ್ರಯಾಗಗಳಲ್ಲಿ ಅಷ್ಟು ಮಟ್ಟದ ವ್ಯವಸ್ಥೆ ಇಲ್ಲ, ವಿಮಾನ ಲಖನೌಗೋ ದೆಹಲಿಗೋ ತಿರುಗುತ್ತೆ, ಇಲ್ಲವೇ ರದ್ದಾಗುತ್ತೆ. ಹವಾಮಾನದ ಕಾರಣಕ್ಕೆ ರದ್ದಾದರೆ ಟಿಕೆಟ್ ಹಣ ಅಥವಾ ಬೇರೆ ವಿಮಾನ ಸಿಗುತ್ತೆ, ಪರಿಹಾರ ಸಿಗಲ್ಲ. ಆದ್ದರಿಂದ ಉತ್ತರದಲ್ಲಿ ಇಳಿಯುವುದೂ ಹೊರಡುವುದೂ ಮಧ್ಯಾಹ್ನ 12ರಿಂದ 4ರ ನಡುವೆ ಇರಲಿ. ವಾಪಸಿನ 7ರ ವಿಮಾನ ಬಿಡಿ.

ಊರುಗಳ ಕ್ರಮದಲ್ಲಿ ಕಾಶಿ ಮೊದಲು, ದೆಹಲಿ ಕೊನೆ ಅನ್ನುವುದು ಸರಿಯಾಗಿದೆ, ಬದಲಿಸಬೇಡಿ. ದೆಹಲಿಯಿಂದ ಬೆಂಗಳೂರಿಗೆ ಇಡೀ ದಿನ ವಿಮಾನಗಳಿವೆ, ಒಂದು ರದ್ದಾದರೂ ಸಂಜೆಗೆ ಇನ್ನೊಂದು ಸಿಕ್ಕೀತು. ಕಾಶಿಯಿಂದ ಇರುವುದು ಕೆಲವೇ. ಬದಲಿಸಬೇಕಾದ್ದು ಅಯೋಧ್ಯೆಯಿಂದ ಕಾಶಿಗೆ ಮರಳುವ ಭಾಗ. ಅದು 200 ಕಿಲೋಮೀಟರಿಗೂ ಹೆಚ್ಚು, ಸುಮ್ಮನೆ ದಂಡ. ಅಯೋಧ್ಯೆಯಿಂದ ಲಖನೌ ಹತ್ತಿರ. ಅಲ್ಲಿ ಒಂದು ರಾತ್ರಿ ಉಳಿದು, ಬೆಳಗ್ಗೆ 10ರ ಮೇಲೆ 302 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇಯಲ್ಲಿ ಆಗ್ರಾ ಸೇರಿ. ಆಮೇಲೆ ದೆಹಲಿ. ಬಂದ ದಾರಿಗೆ ತಿರುಗುವ ಪ್ರಮೇಯವೇ ಇರಲ್ಲ.

ಯಮುನಾತೀರ

ಹಳಿಮೇಲೆ ಅವರು ಹೇಳಿದ್ದಕ್ಕೆಲ್ಲ ಸಹಮತ, ಲಖನೌ–ಆಗ್ರಾ ಕಾರು ಒಂದನ್ನು ಬಿಟ್ಟು. ಮಂಜಿನ ಕಾಲದಲ್ಲಿ ಎಕ್ಸ್‌ಪ್ರೆಸ್‌ವೇ ಅಪಾಯ. ಆಗ್ರಾ–ದೆಹಲಿ ನಡುವಿನ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲಕ್ಕೆಂದೇ ಕಾರಿನ ವೇಗಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ, ಆದರೂ ಒಂದರ ಹಿಂದೊಂದು ಗುದ್ದಿಕೊಳ್ಳುವುದು ನಿಂತಿಲ್ಲ. ಬೆಳಗ್ಗೆ 5ಕ್ಕೆ ಟ್ಯಾಕ್ಸಿಯಲ್ಲಿ ಆಗ್ರಾ ಅಂದಿದ್ದೀರಲ್ಲ, ದಯವಿಟ್ಟು ಬೇಡ. ಅದೂ ಹಿಂದಿನ ರಾತ್ರಿ 11ಕ್ಕೆ ಇಳಿದವರು. ಆ ತಿಂಗಳು ಕಾಶಿಯ ರೈಲು 11ಕ್ಕೇ ಬರುತ್ತೆ ಅಂತಲೂ ಹೇಳಲಾಗದು.

ಹೀಗೆ ಮಾಡಿ. ಅಯೋಧ್ಯೆಯಿಂದ ಲಖನೌ ವಿಮಾನ ನಿಲ್ದಾಣಕ್ಕೆ ಸುಮಾರು 150 ಕಿಲೋಮೀಟರ್, ಮೂರು ಗಂಟೆ. ಬೆಳಗ್ಗೆ 9.30–10ಕ್ಕೆ ಹೊರಟು, ಮಧ್ಯಾಹ್ನ 3ರ ನಂತರದ ವಿಮಾನದಲ್ಲಿ ದೆಹಲಿಗೆ. ಅಯೋಧ್ಯೆಯಲ್ಲೇ ವಿಮಾನ ನಿಲ್ದಾಣ ಇದೆಯಲ್ಲ ಅನ್ನಬಹುದು (2023ರ ಡಿಸೆಂಬರ್ 30ಕ್ಕೆ ಶುರುವಾಗಿದ್ದು), ಆದರೆ ಒಂದು ರದ್ದಾದರೆ ಅಲ್ಲಿ ಎರಡನೆಯ ದಾರಿ ಇಲ್ಲ. ಲಖನೌನಲ್ಲಿ ಹೆಚ್ಚು ವಿಮಾನಗಳಿವೆ, ಅದೂ ಕೈಕೊಟ್ಟರೆ ರೈಲೂ ಇದೆ.

ದೆಹಲಿಯಲ್ಲಿ ಒಂದೇ ಕಡೆ ಮೂರು ರಾತ್ರಿ ತಂಗಿ, ಆಗ್ರಾವನ್ನು ಗತಿಮಾನ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದು ದಿನಕ್ಕೆ ಮುಗಿಸಿ. ಬೆಳಗ್ಗೆ 8.10ಕ್ಕೆ ಹಜರತ್ ನಿಜಾಮುದ್ದೀನ್, 9.50ಕ್ಕೆ ಆಗ್ರಾ ಕ್ಯಾಂಟ್. ಸಂಜೆ 5.50ಕ್ಕೆ ಅಲ್ಲಿಂದ, 7.30ಕ್ಕೆ ವಾಪಸ್. ಮಂಜಿಗೆ ಒಂದು ಗಂಟೆ ತಡವಾದರೂ ತಾಜ್ ನೋಡಲು ಸಮಯ ಉಳಿಯುತ್ತೆ, ಬ್ಯಾಗುಗಳು ಹೋಟೆಲ್‌ನಲ್ಲೇ ಇರುತ್ತವೆ. ಶುಕ್ರವಾರ ಮಾತ್ರ ಬೇಡ: ತಾಜ್ ಮಹಲೂ ಮುಚ್ಚಿರುತ್ತೆ, ಗತಿಮಾನೂ ಓಡಲ್ಲ. ತಾಜ್ ಹತ್ತಿರ ಪೆಟ್ರೋಲ್ ಗಾಡಿ ಬಿಡಲ್ಲ, ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿಗಳಿವೆ, ಅತ್ತೆಯವರಿಗೆ ಅದೇ ಅನುಕೂಲ. ಗೋರಿಯ ಒಳಗೆ ಹೋಗಲು 50 ರೂಪಾಯಿ ಟಿಕೆಟ್ ಜೊತೆಗೆ 200 ಹೆಚ್ಚು ಕೊಡಬೇಕು, ಮೆಟ್ಟಿಲೂ ಇದೆ. ಅವರು ಕೆಳಗೆ ತೋಟದಲ್ಲೇ ಕೂರುವುದಾದರೆ ಆ 200 ಬೇಡ. ಮಕ್ಕಳಿಗೆ ಟಿಕೆಟ್ ಇಲ್ಲ.

ಹೋಟೆಲ್ ಜಂಗ್‌ಪುರ, ಲಾಜ್‌ಪತ್ ನಗರದ ಕಡೆ ನೋಡಿ, ನಿಜಾಮುದ್ದೀನ್ ಸ್ಟೇಷನ್ ಹತ್ತಿರವಾಗುತ್ತೆ. ಏರೋಸಿಟಿ ಬರೀ ವಿಮಾನಕ್ಕೆ ಹತ್ತಿರ, ಊರಿಗೆ ದೂರ. ಆರೆಂಜ್ ಲೈನ್ ಮೆಟ್ರೋ ಟರ್ಮಿನಲ್ 3ರಿಂದ ನ್ಯೂ ಡೆಲ್ಲಿ ಸ್ಟೇಷನ್ನಿಗೆ 20 ನಿಮಿಷದಲ್ಲಿ ತರುತ್ತೆ ನಿಜ, ಆದರೆ ಆರು ಬ್ಯಾಗು ಹಿಡಿದು ಅಲ್ಲಿಂದ ಮತ್ತೆ ಬದಲಿಸುವುದು ನಿಮ್ಮ ಗುಂಪಿಗೆ ಕಷ್ಟ. ಬ್ಯಾಗಿಲ್ಲದ ದಿನ ಮೆಟ್ರೋದಲ್ಲಿ ಸುತ್ತಿ. ಟರ್ಮಿನಲ್ 1ಕ್ಕೆ ಬೇರೆಯೇ ಲೈನ್, ಮೆಜೆಂಟಾ. ವಾಪಸ್ ಬರುವಾಗ ಯಾವ ಟರ್ಮಿನಲ್ ಅನ್ನುವುದನ್ನು ಹಿಂದಿನ ದಿನ ಮತ್ತೊಮ್ಮೆ ನೋಡಿ. ದೆಹಲಿಯಲ್ಲಿ ಕಂಪನಿಗಳು ಟರ್ಮಿನಲ್ ಬದಲಿಸುತ್ತಲೇ ಇರುತ್ತವೆ.

ಹೋಲ್ಡಾಲ್

ಗಾಡಿ ವಿಷಯ. ಎರ್ಟಿಗಾದಲ್ಲಿ ಡ್ರೈವರ್ ಬಿಟ್ಟು ಆರು ಜನ ಕೂರಬಹುದು, ಆದರೆ ಹಿಂದಿನ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗಿಗಿಂತ ಹೆಚ್ಚು ಹಿಡಿಯಲ್ಲ. ದೆಹಲಿಯ ಟ್ಯಾಕ್ಸಿಗಳು ಸಿಎನ್‌ಜಿ, ಡಿಜೈರ್, ವ್ಯಾಗನ್-ಆರ್ ಡಿಕ್ಕಿಯನ್ನು ಅರ್ಧಕ್ಕರ್ಧ ಸಿಲಿಂಡರೇ ತಿಂದಿರುತ್ತೆ. ಹಾಗಾಗಿ ವಿಮಾನ ನಿಲ್ದಾಣದಿಂದ ಹೋಟೆಲ್‌ಗೆ ಎರಡು ಸಣ್ಣ ಕಾರು ಮಾಡಿ, ಒಬ್ಬೊಬ್ಬ ಹಿರಿಯರು ಒಂದೊಂದು ಮಗು ಪ್ರತಿ ಕಾರಿಗೆ. ಕಾಶಿ–ಪ್ರಯಾಗ–ಅಯೋಧ್ಯೆ–ಲಖನೌಗೆ ಕ್ಯಾರಿಯರ್ ಇರುವ ಇನ್ನೋವಾ ಕ್ರಿಸ್ಟಾ ಹೇಳಿ. ಕ್ಯಾರಿಯರ್, ಟಾರ್ಪಾಲು, ಹಗ್ಗ ಇದೆಯಾ ಅಂತ ಮೊದಲೇ ಕೇಳಿ. ಇಬ್ಬನಿಗೆ ಮೇಲಿನ ಬ್ಯಾಗು ಪೂರ್ತಿ ನೆನೆಯುತ್ತೆ.

ಬಾಡಿಗೆ ಮಾತಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ (ಸಾಮಾನ್ಯವಾಗಿ 250), ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಯಾರದು, ಲಖನೌನಲ್ಲಿ ಬಿಟ್ಟರೆ ಖಾಲಿ ಗಾಡಿ ಕಾಶಿಗೆ ವಾಪಸಾಗುವ ದುಡ್ಡು ಸೇರಿದೆಯಾ, ಇವಿಷ್ಟನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಒಂದು ವೇಳೆ ಕಾರಿನಲ್ಲೇ ದೆಹಲಿಗೆ ಹೋಗುವಂತಾದರೆ ಸಿಎನ್‌ಜಿ ಅಥವಾ ಬಿಎಸ್-6 (ಹೊಗೆ ನಿಯಂತ್ರಣದ ಹೊಸ ಮಟ್ಟ) ಗಾಡಿಯೇ ಬೇಕು. ಚಳಿಗಾಲದಲ್ಲಿ ಮಾಲಿನ್ಯ ಹೆಚ್ಚಿ ಮೂರನೇ ಹಂತದ ನಿರ್ಬಂಧ ಬಂದರೆ ಬಿಎಸ್-4 ಡೀಸೆಲ್ ಕಾರನ್ನು ದೆಹಲಿಯೊಳಗೆ ಬಿಡಲ್ಲ, ಡ್ರೈವರ್ ಗಡಿಯಲ್ಲೇ ಇಳಿಸಿ ಹೋಗುತ್ತಾನೆ.

ಕಾಶಿಯಲ್ಲಿ ಬಾಬತ್‌ಪುರ ವಿಮಾನ ನಿಲ್ದಾಣದಿಂದ ಊರು 25 ಕಿಲೋಮೀಟರ್, ಹೊತ್ತು ನೋಡಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಕಾರು ಗೋದೌಲಿಯಾ ಚೌಕದ ಆಚೆ ಹೋಗಲ್ಲ, ಜನ ಹೆಚ್ಚಿದ್ದರೆ ಇನ್ನೂ ಹಿಂದೆಯೇ ನಿಲ್ಲಿಸುತ್ತಾರೆ. 'ಘಾಟ್‌ಗೆ ಎರಡೇ ನಿಮಿಷ' ಅಂತ ಜಾಹೀರಾತು ಕೊಡುವ ಹೋಟೆಲ್‌ಗಳಿಗೆ ಗಾಡಿಯಿಂದ ಇಪ್ಪತ್ತು ನಿಮಿಷ ಗಲ್ಲಿ, ಮೆಟ್ಟಿಲು. ಅತ್ತೆಯವರಿಗೆ ಆಗಲ್ಲ. ಗಾಡಿ ಬಾಗಿಲಿಗೆ ಬರುತ್ತಾ ಅಂತ ಫೋನ್ ಮಾಡಿ ಕೇಳಿ. ಜಂಗಮವಾಡಿ ಮಠ ಗೋದೌಲಿಯಾ ಹತ್ತಿರವೇ ಇದೆ, ಕನ್ನಡದಲ್ಲೇ ಮಾತಾಡಬಹುದು, ಅಲ್ಲಿ ಉಳಿಯುವುದಾದರೆ ನೆಲಮಹಡಿ ಕೋಣೆ ಮೊದಲೇ ವಿಚಾರಿಸಿ. ದಶಾಶ್ವಮೇಧದ ಮೆಟ್ಟಿಲು ಇಳಿಸುವ ಬದಲು ನಮೋ ಘಾಟ್‌ಗೆ ಹೋಗಿ, ಇಳಿಜಾರು ದಾರಿ ಇದೆ, ಅಲ್ಲಿಂದಲೇ ದೋಣಿ ಹತ್ತಿ ಆರತಿಯನ್ನು ನೀರಿನಿಂದ ನೋಡಬಹುದು.

ಜನವರಿ 1ರಂದು ಕಾಶಿಯಲ್ಲಾಗಲಿ ಅಯೋಧ್ಯೆಯಲ್ಲಾಗಲಿ ಇರಬೇಡಿ, ವಿಪರೀತ ಜನ. ಪುಷ್ಯ ಹುಣ್ಣಿಮೆಯಿಂದ ಪ್ರಯಾಗದಲ್ಲಿ ಮಾಘ ಮೇಳ, ಕಾರು ಸಂಗಮದಿಂದ ಬಹಳ ದೂರ ನಿಲ್ಲುತ್ತೆ. ಪಂಚಾಂಗ ನೋಡಿಕೊಂಡು ಅದಕ್ಕೆ ಮೊದಲೇ ಮುಗಿಸಿ.

ದೇವನಹಳ್ಳಿ ಕಡೆಯಿಂದ

ಮೈಸೂರಿನ ಕಡೆಯದು ನಾನು ಹೇಳುತ್ತೇನೆ. ಆರು ಜನ, ಆರು ಬ್ಯಾಗು ಅಂದರೆ ಫ್ಲೈಬಸ್ಸೇ ಸರಿ. ಬ್ಯಾಗು ಕೆಳಗಿನ ಡಿಕ್ಕಿಗೆ ಹೋಗುತ್ತೆ, ನಡುವೆ ಬದಲಿಸುವುದಿಲ್ಲ. ನಾಲ್ಕರಿಂದ ಐದು ಗಂಟೆ ಲೆಕ್ಕ ಇಡಿ. ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಅಂತ ಹೇಳುವುದು ಕೆಂಗೇರಿವರೆಗೆ, ಕೆಂಗೇರಿಯಿಂದ ಹೆಬ್ಬಾಳ ದಾಟುವುದೇ ಇನ್ನೊಂದು ಪ್ರಯಾಣ. ರೈಲಿನಲ್ಲಿ ಬಂದು ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಕೆಐಎ-9 ವಾಯುವಜ್ರ ಬಸ್ ಹಿಡಿಯಬಹುದು, ಅಗ್ಗ, ಆದರೆ ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿಗೆ ಸಾಮಾನು ಎಳೆಯಬೇಕು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಹತ್ತಿರ ಹತ್ತಿರವೇ ಇವೆ, ಆದರೂ ಟಿಕೆಟ್ ಮೇಲೆ ಯಾವುದಿದೆ ನೋಡಿ ಅಲ್ಲೇ ಇಳಿಯಿರಿ.

ಒಬ್ಬೊಬ್ಬರಿಗೆ 15 ಕೆಜಿಯ ಒಂದೊಂದು ಬ್ಯಾಗು ಮಾಡಿ. ಇಬ್ಬರದು ಸೇರಿಸಿ ದೊಡ್ಡ ಸೂಟ್‌ಕೇಸ್ ಬೇಡ, ಕೌಂಟರ್‌ನಲ್ಲೂ ತಕರಾರು, ಡಿಕ್ಕಿಗೂ ಹಿಡಿಯಲ್ಲ. ಸ್ವೆಟರ್, ಶಾಲು, ಔಷಧಿ ಕೈಬ್ಯಾಗಿನಲ್ಲಿರಲಿ. ಅತ್ತೆಯವರಿಗೆ ಗಾಲಿಕುರ್ಚಿಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿ, ತಪ್ಪಿದರೆ 48 ಗಂಟೆ ಮೊದಲಾದರೂ. ದೆಹಲಿ ಟರ್ಮಿನಲ್ 3ರಲ್ಲಿ ಗೇಟುಗಳು ಬಹಳ ದೂರ. ಮಾವನವರ ಹೆಸರು ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ ಟಿಕೆಟ್‌ನಲ್ಲೂ ಹಾಗೇ ಇರಲಿ. ನಮ್ಮ ಕಡೆಯ ಹೆಸರುಗಳಿಗೆ ಗೇಟಿನಲ್ಲಿ ತಡೆಯುವುದು ಇದಕ್ಕೇ.

ಒಂಟಿಕೊಪ್ಪಲ್

ತುಂಬಾ ಉಪಕಾರ ಆಯಿತು. ಯಮುನಾತೀರ ಅವರ ದಾರಿಯೇ ಹಿಡಿಯುತ್ತೇವೆ. ಎರಡು ಪ್ರಶ್ನೆ ಉಳಿದಿದೆ. ಯಾವುದನ್ನು ಮೊದಲು ಬುಕ್ ಮಾಡಬೇಕು? ಅತ್ತೆ ಗಂಗೆಯ ಗಿಂಡಿಗಳನ್ನು ತರಲೇಬೇಕು ಅಂತಿದ್ದಾರೆ, ವಿಮಾನದಲ್ಲಿ ಬಿಡ್ತಾರಾ?

ಹಳಿಮೇಲೆ

ಬೆಂಗಳೂರು–ಕಾಶಿ ಮತ್ತು ದೆಹಲಿ–ಬೆಂಗಳೂರು ವಿಮಾನ ಇವತ್ತೇ ನೋಡಿ, ಕ್ರಿಸ್‌ಮಸ್ ವಾರದ ದರ ಇಳಿಯಲ್ಲ. ಮೂರು ಟಿಕೆಟ್‌ಗಳಲ್ಲೂ ಆರು ಜನ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಮೇಲೆ ಲಖನೌ–ದೆಹಲಿ. ಗತಿಮಾನ್ ಪ್ರಯಾಣಕ್ಕೆ 60 ದಿನ ಮೊದಲು ಬೆಳಗ್ಗೆ 8ಕ್ಕೆ ತೆರೆಯುತ್ತೆ, ಆ ದಿನವೇ ತೆಗೆಯಿರಿ. ಚೇರ್ ಕಾರ್‌ನಲ್ಲಿ ಅರ್ಧ ಟಿಕೆಟ್ ಇಲ್ಲ, 9 ವರ್ಷದವರಿಗೆ ಪೂರ್ತಿ. 4 ವರ್ಷದವರಿಗೆ ಸೀಟು ಬೇಡವಾದರೆ ಉಚಿತ, ಎರಡು ಗಂಟೆಯೂ ಇಲ್ಲದ ದಾರಿ, ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಹೋಟೆಲ್‌ಗಳನ್ನು ಹಣ ಕಡಿತವಿಲ್ಲದೆ ರದ್ದು ಮಾಡುವಂಥವನ್ನೇ ಹಿಡಿಯಿರಿ, ಮಂಜಿಗೆ ಒಂದು ದಿನ ಆಚೀಚೆ ಆದರೆ ಬದಲಿಸಲು ಬೇಕು. ಇನ್ನೋವಾವನ್ನು ಹೊರಡುವ ಹತ್ತು ದಿನ ಮೊದಲು ಹೇಳಿದರೆ ಸಾಕು.

ಗಂಗೆಯನ್ನು ಕೈಬ್ಯಾಗಿನಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ತಗಾದೆ. ಬೆಸುಗೆ ಹಾಕಿ ಮೊಹರು ಮಾಡಿದ ತಾಮ್ರದ ಗಿಂಡಿಗಳನ್ನೇ ಕೊಂಡು, ಕೊಳ್ಳುವಾಗ ತಲೆಕೆಳಗು ಹಿಡಿದು ಐದು ನಿಮಿಷ ಕಾಗದದ ಮೇಲಿಟ್ಟು ನೋಡಿ. ಸಣ್ಣ ಸೋರಿಕೆ ಇದ್ದರೆ ಕಾಗದ ಒದ್ದೆಯಾಗುತ್ತೆ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟವೆಲ್ ಸುತ್ತಿ ದೊಡ್ಡ ಬ್ಯಾಗಿನ ನಡುವೆ ಇಡಿ. ಕಾಶಿಯಿಂದ ಬೆಂಗಳೂರಿನವರೆಗೆ ಅದು ಕಾರು, ಎರಡು ವಿಮಾನ ಎಲ್ಲ ದಾಟಬೇಕು, ಹತ್ತಾರು ಗಿಂಡಿ ಆದರೆ 15 ಕೆಜಿ ಮೀರುತ್ತೆ. ಬಂಧುಗಳಿಗೆ ಹಂಚುವುದಿದ್ದರೆ ಅತಿ ಸಣ್ಣ ಅಳತೆಯದನ್ನೇ ಆರಿಸಿ.