ಸಹಾಯ ಬೇಕು: ಪೇಸ್‌ಮೇಕರ್ ಇರುವವರಿಗೆ ಕಿವಿ ನರದ ಗಡ್ಡೆ ನೋಡೋಕೆ ಸಿಟಿ ಸ್ಕ್ಯಾನ್ ಸಾಕಾ?

ನಮ್ಮಪ್ಪನಿಗೆ 68 ವರ್ಷ. 8 ತಿಂಗಳಿಂದ ಬಲಗಿವಿ ಮಂದ, ಒಳಗೆ ಗುಂಯ್ ಅನ್ನುವ ಸದ್ದು ಬೇರೆ. ಫೋನು ಈಗ ಎಡಗಿವಿಗೇ ಹಿಡಿಯುತ್ತಾರೆ. ಗುಗ್ಗೆ ಇರಬೇಕು ಅಂತ ಸುಮ್ನೆ ಎಣ್ಣೆ ಬಿಟ್ಟಿದ್ದೂ ಆಯ್ತು. ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ನೋಡಿದ ಕಿವಿ ಡಾಕ್ಟರು ಶ್ವಾನೋಮಾ, ಅಂದರೆ ಕಿವಿ ನರದ ಗಡ್ಡೆ ಇರಬಹುದು, ಅದು ಕ್ಯಾನ್ಸರ್ ಅಲ್ಲ, ಎಂಆರ್‌ಐ ಮಾಡಿಸಿ ಅಂದರು. ಆದರೆ ಅಪ್ಪನಿಗೆ ಹಳೇ ಪೇಸ್‌ಮೇಕರ್ ಇದೆ, ಹೃದಯದ ಡಾಕ್ಟರು ಎಂಆರ್‌ಐ ಬೇಡವೇ ಬೇಡ ಅಂದುಬಿಟ್ಟರು. ಹಾಗಾಗಿ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿಕೊಂಡು, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಕೊಟ್ಟು ಸಿಟಿ ಮಾಡಿಸಿದೆವು. ನರ ಹಾದುಹೋಗುವ ಮೂಳೆ ಕಾಲುವೆ ಬಲಗಡೆ ಸ್ವಲ್ಪ ಅಗಲವಾಗಿದೆಯಂತೆ, ಗಡ್ಡೆ ಮಾತ್ರ ಸ್ಪಷ್ಟವಾಗಿ ಕಂಡಿಲ್ಲ. ಸಿಟಿಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತೆ, ಸಣ್ಣ ಗಡ್ಡೆ ತಪ್ಪಿಹೋಗಬಹುದು ಅಂತ ಸ್ಕ್ಯಾನ್ ಮಾಡಿದವರೇ ಹೇಳಿದರು. ನಾನು ಸಿಕ್ಕಿಬಿದ್ದಿರೋದು ಇಲ್ಲೇ. ಇದನ್ನೇ ನಂಬಿ ಸ್ವಲ್ಪ ತಿಂಗಳು ಬಿಟ್ಟು ಮತ್ತೆ ಸಿಟಿ ಮಾಡಿಸೋದಾ? ಅಥವಾ ಹಳೇ ಪೇಸ್‌ಮೇಕರ್ ಇದ್ದೂ ಎಂಆರ್‌ಐ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ, ಏನೇನು ತಯಾರಿ ಮಾಡಿಸಿದರು?