ಚೌಕಾಬಾರ: ಇಬ್ಬರೇ ಆಡಿದರೆ ಆಟ ಮುಗಿಯುವುದೇ ಇಲ್ಲ, ದಾರಿ ಹೇಳಿ

ಹಳೇಜಗಲಿ: ಮಕ್ಕಳು ಊರು ಬಿಟ್ಟ ಮೇಲೆ ಸಂಜೆ ಆಡಲು ನಾನು, ನಮ್ಮ ಅತ್ತೆ ಇಬ್ಬರೇ. ನಾಲ್ವರಿದ್ದಾಗ ರಂಗೇರುತ್ತಿದ್ದ ಆಟ ಈಗ ಸುಮ್ಮನೆ ಸುತ್ತುತ್ತದೆ. ಕಾಯಿಗಳು ಹೊರಸುತ್ತಿನಲ್ಲೇ ಅಲೆಯುತ್ತವೆ, ಒಂದೂ ನಡುಮನೆ ಸೇರಿ ಹಣ್ಣಾಗುವುದಿಲ್ಲ. ಅತ್ತೆಯವರು ಬೇಸತ್ತು ಎದ್ದುಬಿಡುತ್ತಾರೆ. ಕೈಬಿಡಲು ಮನಸ್ಸಿಲ್ಲ.

ಕವಡೆಗಾರ: ತಪ್ಪು ಕವಡೆಯದು. ಬೆನ್ನು ಉಬ್ಬಿದ ಕವಡೆ ಒಂದೇ ಮಗ್ಗುಲಿಗೆ ಬೀಳುತ್ತದೆ. ನಾಲ್ಕೂ ಒಂದೇ ಗಾತ್ರದವು ಇರಲಿ.

ಹಳೇಜಗಲಿ: ನಾಲ್ಕರ ಚೌಕ, ಎಂಟರ ಬಾರ ಬೇಕಾದಷ್ಟು ಬೀಳುತ್ತಿವೆ ಸ್ವಾಮಿ.

ಕವಡೆಗಾರ: ಹಾಗಾದರೆ ನೆಲ ನೋಡಿ. ನುಣುಪಾದ ಟೈಲ್ಸ್ ಮೇಲೆ ಕವಡೆ ಜಾರುತ್ತದೆ, ಹೊರಳುವುದಿಲ್ಲ. ಚಾಪೆ ಹಾಸಿಕೊಳ್ಳಿ.

ಹಾಸನದವಳು: ಕವಡೆಯೇ ಯಾಕೆ? ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರೆ ಸಾಕು.

ಕವಡೆಗಾರ: ಹುಣಸೆ ಬೀಜ ಪುಟಿದು ಎಲ್ಲೋ ಹೋಗುತ್ತದೆ. ಕವಡೆಯ ತೂಕ ಅದಕ್ಕೆಲ್ಲಿ?

ಹಾಸನದವಳು: ನಮ್ಮಜ್ಜಿ ಜೀವಮಾನವೆಲ್ಲ ಅದರಲ್ಲೇ ಆಡಿದರು. ಹಗುರವಾಗಿ ಮಾತನಾಡಬೇಡಿ.

ಲೆಕ್ಕದಮೇಷ್ಟ್ರು: ಮಣೆ ಸಾಲಿಗೆ ಐದು ಮನೆಯದೋ ಏಳರದೋ? ಎದುರಾಳಿಯ ಕಾಯಿ ಇದ್ದ ಮನೆಗೇ ಬಂದು ಅದನ್ನು ಕಡಿಯದೆ ಒಳಸುತ್ತಿಗೆ ಬಿಡುತ್ತೀರಾ?

ಹಳೇಜಗಲಿ: ಐದರದು. ಕಡಿಯದೆ ಒಳಗೆ ಹೇಗೆ ಬಿಡುವುದು? ಅದೇನು ಹೇಳಬೇಕಾದ ಮಾತೇ?

ಲೆಕ್ಕದಮೇಷ್ಟ್ರು: ಹೇಳಲೇಬೇಕಿತ್ತು, ಗಂಟು ಇರುವುದೇ ಅಲ್ಲಿ. ಹೊರಸುತ್ತಿನಲ್ಲಿ 16 ಮನೆ. ಅದರಲ್ಲಿ ನಾಲ್ಕು ಕಟ್ಟೆ, ಅಲ್ಲಿ ಕಡಿಯುವಂತಿಲ್ಲ. ನಾಲ್ವರು ಆಡಿದರೆ ನಿಮ್ಮೆದುರು 12 ಕಾಯಿ, ಇಬ್ಬರಾದರೆ ನಾಲ್ಕೇ. ಕಟ್ಟೆಯಲ್ಲಿ ಕುಳಿತ ಕಾಯಿ ಚೌಕ ಬಿದ್ದರೆ ಮುಂದಿನ ಕಟ್ಟೆಗೆ, ಬಾರ ಬಿದ್ದರೆ ನೇರ ಎದುರಿನ ಕಟ್ಟೆಗೆ ಹಾರುತ್ತದೆ. ನಿಮ್ಮಲ್ಲಿ ಅವೇ ಹೆಚ್ಚು ಬೀಳುತ್ತಿವೆ. ಇನ್ನು ಕಡಿಯಲು ಕಾಯಿ ಎಲ್ಲಿ ಸಿಗಬೇಕು? ಒಬ್ಬೊಬ್ಬರು ಎರಡೆರಡು ಬಣ್ಣ ಹಿಡಿಯಿರಿ, ಎದುರುಬದುರು ಮನೆಗಳು ಒಬ್ಬರವು. ಮಣೆ ತುಂಬುತ್ತದೆ, ಕಡಿತವೂ ನಡೆಯುತ್ತದೆ.

ಬೀಟೆಮಣೆ: ಇಬ್ಬರಿಗೆ ಏಳು ಮನೆಯದೇ ಚೆಂದ. ನಮ್ಮಲ್ಲಿರುವುದು ಬೀಟೆ ಮರದ ಮಣೆ, ಗೆರೆಗಳಿಗೆ ಹಿತ್ತಾಳೆ ತಂತಿ ಕೂರಿಸಿದೆ. ಕಾಯಿಗಳು ಚನ್ನಪಟ್ಟಣದ ಅರಗಿನವು, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗ ಇಟ್ಟರು. ಆಟಕ್ಕೆ ಮೈಸೂರು ಕೊಟ್ಟ ಮರ್ಯಾದೆ ಅದು.

ಲೆಕ್ಕದಮೇಷ್ಟ್ರು: ಏಳರ ಮಣೆಯಲ್ಲಿ ಹೊರಸುತ್ತು 24 ಮನೆಯಾಗುತ್ತದೆ. ಇಬ್ಬರಿಗೆ ಇನ್ನೂ ಬಯಲು.

ಬೀಟೆಮಣೆ: ಕಾಯಿಗಳನ್ನೂ ಹೆಚ್ಚಿಸಿಕೊಳ್ಳಬೇಕು, ಅದನ್ನು ಬೇರೆ ಹೇಳಬೇಕೆ?

ಹಳೇಜಗಲಿ: ಎರಡೆರಡು ಬಣ್ಣದಲ್ಲಿ ಆಡಿದೆವು. ಕಡಿತ ಶುರುವಾಯಿತು, ಅತ್ತೆಯವರ ಮೂರು ಕಾಯಿ ಹಣ್ಣಾದವು! ಈಗ ಬೇರೆ ಜಗಳ. ನನ್ನ ಕೆಂಪು ಕಾಯಿ ಕಡಿದಿದೆ, ಹಸಿರು ಇನ್ನೂ ಕಡಿದಿಲ್ಲ. ಹಸಿರಿಗೆ ಒಳದಾರಿ ಉಂಟೋ ಇಲ್ಲವೋ?

ಹಾಸನದವಳು: ಆಡುವವರು ಒಬ್ಬರೇ ತಾನೇ? ಎರಡಕ್ಕೂ ಉಂಟು.

ಲೆಕ್ಕದಮೇಷ್ಟ್ರು: ಖಂಡಿತ ಇಲ್ಲ. ಬಣ್ಣಕ್ಕೊಂದು ಕಡಿತ ಬೇಕು, ಇಲ್ಲವಾದರೆ ಹೊರಸುತ್ತಿನ ಕಾದಾಟವೇ ತಪ್ಪುತ್ತದೆ.

ಹಳೇಜಗಲಿ: ಅತ್ತೆಯವರೂ ಅದನ್ನೇ ಹೇಳುತ್ತಿದ್ದಾರೆ. ಬೇರೆ ಊರಿನವರು ಹೇಗೆ ಆಡುತ್ತೀರಿ, ತಿಳಿಸಿ.