ಕಣ್ಣಿಗೆ ತಂಪು ಅಂದ್ರೆ ಬೆಚ್ಚನೆ ಬಣ್ಣವಾ? ಐವರಿ, ಕ್ರೀಮ್‌ಗೆ ನೀವೇನಂತೀರಿ?

ಗೆಳೆಯರೇ, ಒಂದು ಪದದ ಜಗಳದಲ್ಲಿ ಸಿಕ್ಕಿಕೊಂಡಿದ್ದೇನೆ. ಬಿಡಿಸಿಕೊಡಿ.

ಅಕ್ಕನ ಮನೆಗೆ ಒಳಗಡೆ ಬಣ್ಣ ಹೊಡೆಸಬೇಕಿತ್ತು. ಶೇಡ್ ಕಾರ್ಡು ತಿರುವಿ ತಿರುವಿ ಕೊನೆಗೆ ಎರಡಕ್ಕೆ ಬಂದು ನಿಂತಳು. ಒಂದು ಐವರಿ, ಇನ್ನೊಂದು ಕ್ರೀಮ್. ಎರಡೂ ಬಿಳಿ ಅಲ್ಲ, ಹಳದಿಯೂ ಅಲ್ಲ. ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ, ಒಂದನ್ನು ಮುಚ್ಚಿಟ್ಟರೆ ಇದು ಯಾವುದು ಅಂತ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಬಣ್ಣದವರು ಫೋನ್ ಮಾಡಿ, "ಯಾವ ಥರದ್ದು ಬೇಕು ಹೇಳಿ ಅಕ್ಕಾ, ಸ್ಯಾಂಪಲ್ ತರ್ತೀನಿ" ಅಂದರು. ಇವಳು, "ಲೈಟಾಗಿರ್ಲಿ, ಕಣ್ಣಿಗೆ ತಂಪಾಗಿರ್ಬೇಕಪ್ಪಾ" ಅಂದಳು.

ಮಾರನೇ ದಿನ ಬಂದದ್ದು ನೀಲಿ ಹೊಡೆಯುವ ಬಿಳಿ. ಗೋಡೆಗೆ ಒಂದು ಕೈ ಬಳಿದಿದ್ದಷ್ಟೇ, ಹಾಲ್ ಫ್ರಿಜ್ಜಿನ ಒಳಗಿನ ಹಾಗೆ ಕಂಡಿತು. "ತಂಪು ಅಂತ ನೀವೇ ಅಂದ್ರಲ್ಲ? ಕೂಲ್ ಕಲರ್ ಅಂದ್ರೆ ಇದೇ" ಅಂತ ಅವರ ವಾದ. ಅಕ್ಕ ಹೇಳಿದ್ದು ಕನ್ನಡದ ತಂಪು, ಅವರು ಕೇಳಿಸಿಕೊಂಡದ್ದು ಇಂಗ್ಲಿಷಿನ ಕೂಲ್.

ಕಣ್ಣಿಗೆ ತಂಪು ಅನ್ನುವಾಗ ನಾವು ಬಣ್ಣದ ಜಾತಿ ಹೇಳುತ್ತಿಲ್ಲ, ಹಿತವಾಗಿದೆ ಅನ್ನುತ್ತಿದ್ದೇವೆ. ಮಗು ನಗುವುದನ್ನು ನೋಡಿದರೂ ಕಣ್ಣಿಗೆ ತಂಪೇ. ಇದರ ಎದುರು ಪದ ಬಿಸಿ ಅಲ್ಲ. ಕಣ್ಣು ಕುಕ್ಕುವುದು, ಕಣ್ಣಿಗೆ ರಾಚುವುದು. ಆ ಲೆಕ್ಕದಲ್ಲಿ ಹಳದಿ ಬೆರೆತ ಮೆತ್ತನೆ ಬಿಳಿಯೇ ತಂಪು. ಚುರುಕು ಬಿಸಿಲು ಬೀಳುವ ಗೋಡೆಗೆ ನೀಲಿ ಬಿಳಿ ಹೊಡೆದರೆ ಅದು ಕಣ್ಣು ಕುಕ್ಕುತ್ತದೆ. ಇಂಗ್ಲಿಷಿನವರ ಲೆಕ್ಕ ಬೇರೆ. ಹಳದಿ, ಕಿತ್ತಳೆ, ಕೆಂಪು ಇವೆಲ್ಲ ವಾರ್ಮ್. ನೀಲಿಯ ಕಡೆಯವು ಕೂಲ್. ಹಾಗಾಗಿ ಅವರು ವಾರ್ಮ್ ಅನ್ನುವ ಬಣ್ಣವನ್ನೇ ಅಕ್ಕ ತಂಪು ಅಂದಂತಾಯಿತು.

ಬಲ್ಬಿನ ಡಬ್ಬಿ ನೋಡಿದರೆ ಇನ್ನೂ ಮಜಾ ಇದೆ. 2700 ಕೆಲ್ವಿನ್ ಇರುವ ಹಳದಿ ಬೆಳಕು ವಾರ್ಮ್ ಅಂತೆ, 6500 ಇರುವ ನೀಲಿಬಿಳಿ ಬೆಳಕು ಕೂಲ್ ಅಂತೆ. ಕೆಲ್ವಿನ್ ಅನ್ನೋದು ತಾಪಮಾನದ ಅಳತೆ. ಕಬ್ಬಿಣ ಕಾಯುವಾಗ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ ಅಲ್ವಾ, ಹಾಗೇ ತಾಪ ಏರಿದಷ್ಟೂ ಬೆಳಕು ನೀಲಿಯ ಕಡೆ ಹೋಗುತ್ತದೆ. ಅಂದರೆ ಜಾಸ್ತಿ ಕಾದದ್ದಕ್ಕೇ ಅವರು ತಂಪು ಅನ್ನುತ್ತಾರೆ. ಹೀಗಿರುವಾಗ ಅಕ್ಕನನ್ನು ಯಾಕೆ ಬಯ್ಯಲಿ?

ಸರಿ, ವಾರ್ಮ್‌ಗೆ 'ಬೆಚ್ಚನೆ ಬಣ್ಣ' ಅನ್ನಬಹುದೇ? ಬರಹದಲ್ಲಿ ಕಂಡಿದ್ದೇನೆ, ನನ್ನ ಕಿವಿಗೆ ಮಾತ್ರ ಒಗ್ಗುತ್ತಿಲ್ಲ. ಬೆಚ್ಚಗೆ ಅನ್ನೋದು ಮೈಗೆ ಗೊತ್ತಾಗುವ ಸಂಗತಿ. ಬೆಚ್ಚನೆ ನೀರು, ಬೆಚ್ಚನೆ ಹೊದಿಕೆ, ಬೆಚ್ಚಗೆ ಮಲಗಿದ ಬೆಕ್ಕು. ಗೋಡೆಯ ಬಣ್ಣ ಬೆಚ್ಚಗಿದೆ ಅಂದರೆ ಕೈಯಿಟ್ಟು ನೋಡೋಣ ಅನ್ನಿಸುತ್ತದೆ. 'ಹೊಂಬಿಸಿಲಿನ ಬಣ್ಣ', 'ಹೊಂಬೆಳಕಿನಂಥ ಬಿಳಿ' ಅಂದರೆ ನನಗೆ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ಆದರೆ ಬಣ್ಣದವರಿಗೆ ಫೋನಿನಲ್ಲಿ ಹೊಂಬೆಳಕು ಅಂತ ಹೇಳೋಕಾಗುತ್ತಾ?

ಇನ್ನು ಆ ಎರಡು ಹೆಸರು. ಐವರಿಗೆ 'ದಂತದ ಬಣ್ಣ', ಕ್ರೀಮ್‌ಗೆ 'ಕೆನೆಬಣ್ಣ' ಅಂತ ಮಾಡಿಕೊಂಡಿದ್ದೇವೆ. ಕೆನೆ ಪರವಾಗಿಲ್ಲ, ಅದರ ಬಣ್ಣ ಎಲ್ಲರಿಗೂ ಗೊತ್ತು. 'ಮೀಸಲಾತಿಯ ಕೆನೆಪದರ' ಬಂದ ಮೇಲೆ ಅದಕ್ಕೆ ಸ್ವಲ್ಪ ಕಚೇರಿಯ ವಾಸನೆ ಹತ್ತಿದೆ, ಇರಲಿ. ದಂತದ್ದೇ ತೊಂದರೆ. ದಂತ ಅಂದರೆ ಆನೆಯದೂ ಹೌದು, ಹಲ್ಲೂ ಹೌದು. 'ಹಾಲ್‌ಗೆ ದಂತದ ಬಣ್ಣ' ಅಂದರೆ ನನ್ನ ಕಣ್ಣ ಮುಂದೆ ಬರುವುದು ದಂತವೈದ್ಯರ ಕುರ್ಚಿ. ಆಫ್‌ವೈಟ್‌ಗೆ 'ಮಾಸಲು ಬಿಳಿ' ಅಂತ ಯಾರೋ ಬರೆದದ್ದು ನೋಡಿದ್ದೆ. ಅರ್ಥ ಸರಿಯೇ, ಆದರೆ ದುಡ್ಡು ಕೊಟ್ಟು ಗೋಡೆಯನ್ನು ಮಾಸಲು ಮಾಡಿಸಿಕೊಳ್ಳುವವರು ಯಾರು? 'ಗೋಧಿ ಬಣ್ಣ' ಅಂದ ಕೂಡಲೇ ಮನುಷ್ಯರ ಮೈಬಣ್ಣ ಬಂದು ನಿಲ್ಲುತ್ತದೆ.

ಬೇಕಾಗಿದ್ದು ಹೊಸ ಪದ ಅಲ್ಲವೇನೋ, ನಮ್ಮಲ್ಲಿ ಇರುವ ಎರಡು ಸಣ್ಣ ಪದಗಳೇ ಸಾಕೇನೋ ಅಂತ ಆಮೇಲೆ ಅನ್ನಿಸಿತು. 'ನಸು' ಮತ್ತು 'ತಿಳಿ'. ಇವೆರಡನ್ನೂ ನಾವು ಲೈಟ್ ಅನ್ನೋದಕ್ಕೆ ಸುಮ್ನೆ ಒಂದರ ಬದಲು ಒಂದು ಬಳಸುತ್ತೇವೆ. ನನ್ನ ಕಿವಿಗೆ ಇವು ಒಂದೇ ಅಲ್ಲ. ನಸುನಗುವಿನಲ್ಲಿ ನಗು ಈಗಷ್ಟೇ ಶುರುವಾಗಿದೆ. ನಸುಗತ್ತಲೆಯಲ್ಲಿ ಕತ್ತಲೆ ಇನ್ನೂ ಪೂರ್ತಿ ಇಲ್ಲ. ಇಲ್ಲದ ಕಡೆ ಒಂಚೂರು ಬಂದು ಸೇರಿದ್ದು ನಸು. ತಿಳಿನೀರು, ತಿಳಿಸಾರು ನೋಡಿ: ಅಲ್ಲಿ ವಸ್ತು ಪೂರ್ತಿ ಇದೆ, ದಪ್ಪ ಮಾತ್ರ ಇಳಿದಿದೆ. ಹಾಗಾದರೆ ನಸುಹಳದಿ ಅಂದರೆ ಹಳದಿ ಸೋಕಿದ ಬಿಳಿ, ತಿಳಿಹಳದಿ ಅಂದರೆ ನೀರಾದ ಹಳದಿ. ಐವರಿ ಮೊದಲನೆಯದು, ಕ್ರೀಮ್ ಎರಡನೆಯದರ ಹತ್ತಿರದ್ದು. ತಯಾರಿಯಲ್ಲಿ ಎರಡಕ್ಕೂ ಬೇಸ್ ಬಿಳಿಯೇ, ಟೈಟೇನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿಯದು. ಅದಕ್ಕೆ ಬೆರೆಸುವ ಹಳದಿ ಸ್ಟೇನರ್, ಅಂದರೆ ಗಾಢ ಬಣ್ಣದ ದ್ರವ, ಎಷ್ಟು ಬಿತ್ತು ಅನ್ನೋದರ ಮೇಲೆ ವ್ಯತ್ಯಾಸ. ನಾನು ಹೇಳುತ್ತಿರುವುದು ಡಬ್ಬದ ಮಾತಲ್ಲ, ಕಣ್ಣಿನ ಮಾತು.

ಬಿಳಿಯ ಬಗ್ಗೆಯೂ ಒಂದು ಮಾತು. ಬಿಳಿ, ಬೆಳ್ಳಿ, ಬೆಳಕು, ಬೆಳಗು ಎಲ್ಲ ಒಂದೇ ಬೇರಿನವು. ಬೆಳ್ಮುಗಿಲು, ಬೆಳ್ದಿಂಗಳು, ಬೆಳ್ಗೊಡೆ ಅಂತ ಎಷ್ಟು ಸಲೀಸಾಗಿ ಜೋಡಿಸುತ್ತೇವೆ. ಬೆಣ್ಣೆಯೂ ಬೆಳ್ ಮತ್ತು ನೆಯ್ ಸೇರಿ ಆದದ್ದು, ಬಿಳಿ ತುಪ್ಪ ಅಂತ. ಅಂದಮೇಲೆ 'ಬೆಣ್ಣೆ ಬಣ್ಣ' ಅನ್ನುವಾಗ ಬಿಳಿ ಆಗಲೇ ಅದರೊಳಗೆ ಕೂತಿದೆ. ಹಳದಿಗೆ ಈ ಅನುಕೂಲ ಇಲ್ಲ. ಅದು ಹರಿದ್ರಾದಿಂದ ಬಂದ ಪದ, ಜೋಡಿಸೋಕೆ ಬಾಗುವುದಿಲ್ಲ. ಆ ಜಾಗದಲ್ಲಿ ಕೆಲಸ ಮಾಡುವುದು 'ಹೊಂ'. ಹೊಂಬಾಳೆ ಒಡೆದಾಗ ಒಳಗೆ ಕಾಣುವ ಬಣ್ಣ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಕ್ರೀಮ್ ನಾನು ಯಾವ ಕಾರ್ಡಿನಲ್ಲೂ ನೋಡಿಲ್ಲ.

ವೆಬ್ ಪುಟಗಳ ಬಣ್ಣದ ಹೆಸರುಗಳಲ್ಲಿ ಏನಿದೆ ಅಂತಲೂ ನೋಡಿದೆ. ಅಲ್ಲಿ ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಅಂತ ಸೊನ್ನೆಯಿಂದ 255ರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಐವರಿ ಇದೆ: ಕೆಂಪು 255, ಹಸಿರು 255, ನೀಲಿ 240. ಅಚ್ಚ ಬಿಳಿಯಲ್ಲಿ ಮೂರೂ 255, ಇಲ್ಲಿ ನೀಲಿ ಮಾತ್ರ 15 ಕಮ್ಮಿ. ಬೀಜ್ (beige) ಅನ್ನುವ ಬಣ್ಣ ಇದೆ: 245, 245, 220. ಬರೀ ಕ್ರೀಮ್ ಅಂತ ಹೆಸರೇ ಇಲ್ಲ. ಮಿಂಟ್‌ಕ್ರೀಮ್ ಅಂತ ಒಂದಿದೆ, ಅದು ಹಸಿರಿನ ಕಡೆಯದು. ಇಂಗ್ಲಿಷಿನಲ್ಲೇ ಇಷ್ಟು ಗೋಜಲು ಇರುವಾಗ ನಾವು ಅದನ್ನು ಕನ್ನಡಿಸಲು ಒದ್ದಾಡುತ್ತಿದ್ದೇವೆ!

ಕೊನೆಗೆ ಏನಾಯಿತು ಅಂದರೆ, ಎರಡಡಿ ಅಗಲದ ಎರಡು ರಟ್ಟಿಗೆ ಎರಡೆರಡು ಕೋಟ್ ಹೊಡೆಸಿ ಗೋಡೆಗೆ ಒರಗಿಸಿಟ್ಟೆವು. ಬೆಳಿಗ್ಗೆ ಕಿಟಕಿ ಹತ್ತಿರ ಐವರಿ ಹೆಚ್ಚೂಕಮ್ಮಿ ಬಿಳಿಯೇ. ಬಾಗಿಲ ಚೌಕಟ್ಟಿನ ಅಚ್ಚ ಬಿಳಿಗೆ ತಾಗಿಸಿ ಹಿಡಿದಾಗಲೇ ಅದರ ಹಳದಿ ಗೊತ್ತಾದದ್ದು. ಕ್ರೀಮ್ ಹಗಲಲ್ಲಿ ಚೆನ್ನಾಗಿತ್ತು. ರಾತ್ರಿ ಹಳದಿ ಬಲ್ಬ್ ಹಾಕಿದ ಕೂಡಲೇ ಅರಿಶಿನ ಮೆತ್ತಿದ ಹಾಗಾಯಿತು. ಎದುರುಬದುರು ಗೋಡೆಗಳಿಗೆ ಹೊಡೆದರೆ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಅದು ಇನ್ನೂ ಗಟ್ಟಿಯಾಗುತ್ತದೆ. ಅಕ್ಕ ಐವರಿ ಅಂದಳು. ನಾನೂ ಅದನ್ನೇ ಅನ್ನುತ್ತಿದ್ದೆ.

ಈಗ ನನ್ನ ಪ್ರಶ್ನೆಗಳು. ನಸು, ತಿಳಿ ನಡುವೆ ನಾನು ಕಾಣುತ್ತಿರುವ ವ್ಯತ್ಯಾಸ ನಿಮ್ಮ ಕಿವಿಗೂ ಕೇಳಿಸುತ್ತಾ, ಇಲ್ಲಾ ನಾನೇ ಎಳೆದು ತರುತ್ತಿದ್ದೇನಾ? 'ಬೆಚ್ಚನೆ ಬಣ್ಣ' ನಿಮ್ಮ ಮನೆಯ ಮಾತಿನಲ್ಲಿ ಯಾರಾದರೂ ತಾವಾಗಿ ಆಡಿದ್ದನ್ನು ಕೇಳಿದ್ದೀರಾ? ಮತ್ತೆ ಈ ಐವರಿಗೆ ಬಣ್ಣದ ಕೆಲಸದವರೇ ಆಡುವ ಕನ್ನಡದ ಮಾತು ಏನಾದರೂ ಇದೆಯೇ? ನಮ್ಮ ಬಣ್ಣದವರು ಉಳಿದ ಡಬ್ಬದ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ 'ಹಾಲ್, ಬಿಳಿ ಅಲ್ಲದ ಬಿಳಿ' ಅಂತ ಬರೆದಿಟ್ಟು ಹೋಗಿದ್ದಾರೆ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ತಿಳಿಸಿ.